ಅಕ್ಕಿ ಡಬ್ಬಿಯೊಳಗಿನ ಹಳೇ ರೇಟು

ಇವತ್ತು ಬೆಳಿಗ್ಗೆ ಅನ್ನಕ್ಕಿಡೋಣವೆಂದು ಅಕ್ಕ ಕಳಿಸಿದ ಅಕ್ಕಿಯ ಚೀಲದ ಬಾಯಿ ಬಿಚ್ಚಿದೆ. ಹೆಂಡತಿ ಮಗಳ ಬಾಣಂತನಕ್ಕೆಂದು ಹೋಗಿ ಹದಿನೈದು ದಿನವಾಯಿತು. ಹಾಗಾಗಿ ಪುಣೆಯ ಹಡಪಸರದ ಈ ಅಡುಗೆಮನೆಗೆ ಸದ್ಯ ನಾನೇ ಯಜಮಾನ. ಯಜಮಾನನೆಂದರೆ ಒಂದು ದಿನ ಗಂಜಿ ಮಾಡುವವನು, ಮರುದಿನ ತಳ ಹಿಡಿಸುವವನು. ಚೀಲದಿಂದ ಮೊದಲು ಒಣ ಬೇವಿನೆಲೆಯ ಕಹಿ ವಾಸನೆ ಬಂತು. ಅದು ಬರಬೇಕಾದದ್ದೇ, ಹುಳ ಹಿಡಿಯದಿರಲೆಂದು ಅಕ್ಕ ಅಕ್ಕಿಯ ನಡುವೆ ಬೇವು ಹಾಕುತ್ತಾಳೆ. ಅದರ ಬೆನ್ನಿಗೇ ಇನ್ನೊಂದು ವಾಸನೆ ಬಂತು, ಹೊತ್ತಿಸದ ಸಿಗರೇಟಿನದು. ನೀವು ಸೇದುವವರಲ್ಲದಿದ್ದರೆ ನಿಮಗೆ ಗೊತ್ತಿರಲಿಕ್ಕಿಲ್ಲ, ಹೊತ್ತಿಸುವ ಮೊದಲು ಸಿಗರೇಟಿಗೆ ಕೆಟ್ಟ ವಾಸನೆ ಇರುವುದಿಲ್ಲ. ಒಣದ್ರಾಕ್ಷಿಯ ಡಬ್ಬಿ ತೆರೆದಂತೆ ಇರುತ್ತದೆ. ನಾನೂ ಸೇದುವವನಲ್ಲ. ಆದರೂ ಅಕ್ಕಿಯೊಳಗೆ ಕೈಯಿಟ್ಟುಕೊಂಡು ಸ್ವಲ್ಪ ಹೊತ್ತು ಹಾಗೇ ನಿಂತೆ.

ಅಕ್ಕನ ಮನೆ ಊರಿನ ಇನ್ನೊಂದು ತುದಿಯ ಭೋಸರಿಯಲ್ಲಿ. ಈ ಅಕ್ಕಿ ಇದ್ದ ತಗಡಿನ ಡಬ್ಬಿಯನ್ನು ಅವಳು ಎಷ್ಟು ಸಲ ತಿಕ್ಕಿ ತೊಳೆದಿದ್ದಾಳೆ, ಎಷ್ಟು ಬೇಸಿಗೆ ಟೆರೇಸಿನ ಬಿಸಿಲಿಗೆ ಮಗುಚಿಟ್ಟಿದ್ದಾಳೆ ಎಂಬುದು ನನಗೆ ಗೊತ್ತು. ಭಾವ ತೀರಿಕೊಂಡು ಮೂರು ವರ್ಷವಾಯಿತು. ವಾಸನೆ ಹೋಗಿಲ್ಲ.

ಈ ವಾರ ಟಿವಿಯಲ್ಲೂ ಸಿಗರೇಟಿನದೇ ಸುದ್ದಿ. ತೆರಿಗೆ ಮತ್ತೆ ಏರುತ್ತದಂತೆ. ಅದರಿಂದ ಜನರ ಆರೋಗ್ಯವೂ ಸುಧಾರಿಸುತ್ತದಂತೆ, ಸರ್ಕಾರದ ಬೊಕ್ಕಸವೂ ತುಂಬುತ್ತದಂತೆ. ಕೋಟು ಹಾಕಿದ ನಾಲ್ವರು ನಾಲ್ಕು ಚೌಕಟ್ಟಿನಲ್ಲಿ ಕುಳಿತು ಒಬ್ಬರ ಮಾತು ಒಬ್ಬರು ಕೇಳದೆ ಕೂಗಾಡುತ್ತಿದ್ದರು. ಹಿಂದೆಲ್ಲ ನಾನೂ ಕುರ್ಚಿಯ ತುದಿಗೆ ಬಂದು ಅವರ ಜೊತೆ ಕೂಗುತ್ತಿದ್ದೆ. ಈಗ ದನಿ ಕಡಿಮೆ ಮಾಡಿ ಸುಮ್ಮನೆ ಅವರ ಬಾಯಿ ನೋಡುತ್ತೇನೆ.

ಭಾವನನ್ನು ನಿಮಗೆ ಪರಿಚಯಿಸಬೇಕು. ಅವರು ಭೋಸರಿಯ ಒಂದು ಸಣ್ಣ ಕಾರ್ಖಾನೆಯಲ್ಲಿ ಟರ್ನರ್ ಆಗಿದ್ದರು. ಲೇಥ್ ಯಂತ್ರದ ಮುಂದೆ ಮೂವತ್ತು ವರ್ಷ ನಿಂತವರು. ಕಬ್ಬಿಣವನ್ನು ಕೂದಲೆಳೆಯಷ್ಟೂ ತಪ್ಪದೆ ಕೆತ್ತುವ ಆ ಕೈ, ಮನೆಯಲ್ಲಿ ಚಹಾ ಸೋಸಲು ಹೋದರೆ ಅರ್ಧ ಕಟ್ಟೆಗೆ ಚೆಲ್ಲುತ್ತಿತ್ತು. ಅದೇ ಕೈಯ ಎರಡು ಬೆರಳು ಅರಿಸಿನ ಹಚ್ಚಿದಂತೆ ಹಳದಿ. ಅಂಥ ಒಳ್ಳೆಯ ಮನುಷ್ಯನನ್ನು ನಾನು ಕಂಡಿಲ್ಲ ಎಂದರೆ, ಸತ್ತವರ ಬಗ್ಗೆ ಎಲ್ಲರೂ ಹೀಗೇ ಹೇಳುತ್ತಾರೆ ಎಂದು ನೀವು ನಗಬಹುದು. ಹಾಗಾದರೆ ಇಷ್ಟೇ ಹೇಳುತ್ತೇನೆ. ನಾನು ಧಾರವಾಡದಿಂದ ನೌಕರಿ ಹುಡುಕಿಕೊಂಡು ಪುಣೆಗೆ ಬಂದಾಗ ಎರಡು ಖೋಲಿಯ ಅವರ ಮನೆಯಲ್ಲಿ ಎರಡು ವರ್ಷ ಉಳಿದೆ. ಯಾವಾಗ ಹೊರಡುತ್ತೀಯೆಂದು ಕೇಳುವ ಮುಖವನ್ನು ಅವರು ಒಂದು ದಿನವೂ ಮಾಡಲಿಲ್ಲ. ಮಾಡಿದ್ದು ಚೇಷ್ಟೆ ಮಾತ್ರ. ನನಗೆ ತೆರಿಗೆ ಕಚೇರಿಯಲ್ಲಿ ಕೆಲಸ ಸಿಕ್ಕ ಮೇಲಂತೂ ಅದಕ್ಕೆ ಕೊನೆಯೇ ಇರಲಿಲ್ಲ. ಸಿಗರೇಟು ಹೊತ್ತಿಸಿ, ಮೊದಲ ಹೊಗೆಯನ್ನು ನನ್ನ ಕಡೆಗೇ ಬಿಟ್ಟು ಹೇಳುವರು:

"ತೊಗೋರಿ ಸಾಹೇಬ್ರ, ಇದು ನಿಮ್ಮ ಪಗಾರ. ನಾ ಸೇದ್ಲಿಲ್ಲಂದ್ರ ನಿಮ್ಮ ಸರ್ಕಾರ ಉಪವಾಸ ಬೀಳ್ತದ."

ಈ ಸಾಹೇಬ ಆ ಕಚೇರಿಯಲ್ಲಿ ಆವಕ-ಜಾವಕ ಗುಮಾಸ್ತ. ಬಂದ ಕಾಗದಕ್ಕೆ ಬಂತೆಂದು ಶಿಕ್ಕಾ, ಹೋಗುವ ಕಾಗದಕ್ಕೆ ಹೋಯಿತೆಂದು ಶಿಕ್ಕಾ. ಕಾಗದದೊಳಗೆ ಏನಿದೆ ಎಂದು ನೋಡುವ ಅಧಿಕಾರವೂ ಇಲ್ಲ, ಪುರಸೊತ್ತೂ ಇಲ್ಲ. ಮೂವತ್ತೊಂದು ವರ್ಷ ಇದನ್ನೇ ಮಾಡಿ ನಿವೃತ್ತನಾದೆ. ಬಜೆಟ್ಟಿನಲ್ಲಿ ಏನು ಏರುತ್ತದೆ, ಏನು ಇಳಿಯುತ್ತದೆ ಎಂಬುದು ನನಗೂ, ಶಿವಾಜಿನಗರದ ಬಸ್ ಸ್ಟ್ಯಾಂಡಿನಲ್ಲಿ ಶೇಂಗಾ ಮಾರುವವನಿಗೂ ಒಂದೇ ದಿನ, ಒಂದೇ ಹೊತ್ತಿಗೆ ಗೊತ್ತಾಗುತ್ತಿತ್ತು. ಆದರೆ ತೆರಿಗೆ ಕಚೇರಿಯಲ್ಲಿದ್ದಾನೆಂದ ಮೇಲೆ ಒಳಗಿನ ಸುದ್ದಿ ಗೊತ್ತಿರಲೇಬೇಕು ಎಂಬುದು ಬಂಧುಬಳಗದ ನಂಬಿಕೆ. ಆ ನಂಬಿಕೆಯನ್ನು ಬಿಡಿಸಲು ನಾನು ಹೋಗಲಿಲ್ಲ. ಮೊದಲ ವರ್ಷ ಅಕ್ಕ, "ತಮ್ಮಾ, ಈ ಸಲ ಏನೇನ ಏರ್ತಾವೋ?" ಎಂದು ಕೇಳಿದಾಗ, ಬೆಳಿಗ್ಗೆ ಪೇಪರಿನಲ್ಲಿ ಓದಿದ್ದನ್ನೇ ಬಾಗಿಲ ಕಡೆ ಒಮ್ಮೆ ನೋಡಿ, ದನಿ ತಗ್ಗಿಸಿ ಹೇಳಿದೆ. ಅಕ್ಕನ ಕಣ್ಣು ಅರಳಿತು. ನನಗೆ ಆ ಅರಳಿದ ಕಣ್ಣಿನ ರುಚಿ ಹತ್ತಿತು. ಭಾವನಿಗೆ ಸಿಗರೇಟಿನ ಚಟವಿದ್ದಂತೆ ನನಗೆ ಇದು. ಪ್ರತಿ ಜನವರಿಯಲ್ಲಿ ಅಕ್ಕ ಕೇಳುವಳು, ನಾನು ಗಂಭೀರ ಮುಖ ಮಾಡಿ ಹೇಳುವೆ. ಅರ್ಧ ಸರಿಯಾಗುತ್ತಿತ್ತು, ಅರ್ಧ ತಪ್ಪುತ್ತಿತ್ತು. ತಪ್ಪಿದ್ದನ್ನು ಅಕ್ಕ ನೆನಪಿಡುತ್ತಿರಲಿಲ್ಲ.

ಭಾವ ಮದುವೆಯಾದ ಹೊಸತರಲ್ಲೇ ಅವಳಿಗೆ ಮಾತು ಕೊಟ್ಟಿದ್ದರು. ದೇವರ ಮೇಲಲ್ಲ, ಬಜೆಟ್ಟಿನ ಮೇಲೆ. "ಈ ವರ್ಷ ರೇಟ್ ಏರಿದ್ರ ಬಿಟ್ಟ ಬಿಡ್ತೀನಿ, ಬೇಕಾದ್ರ ನೋಡು." ಹೀಗಾಗಿ ಆ ಮನೆಯಲ್ಲಿ ಬಜೆಟ್ಟಿನ ದಿನವೆಂದರೆ ಸಣ್ಣ ಹಬ್ಬ. ಅಕ್ಕ ರವೆಯ ಸಿಹಿ ಶಿರಾ ಮಾಡುವಳು. ಬೇರೆ ಮನೆಗಳಲ್ಲಿ ಬೆಲೆ ಏರಿದರೆ ಹಿಡಿಶಾಪ ಹಾಕುತ್ತಿದ್ದರು. ನಮ್ಮಲ್ಲಿ ಟಿವಿಯ ಪರದೆಯ ಮೇಲೆ ಸಿಗರೇಟಿನ ಚಿತ್ರ ಮತ್ತು ಮೇಲ್ಮುಖದ ಬಾಣ ಕಂಡ ಕೂಡಲೇ ಅಕ್ಕ ಟಿವಿಗೇ ಕೈಮುಗಿಯುತ್ತಿದ್ದಳು. ಹೆಚ್ಚುಕಡಿಮೆ ಪ್ರತಿ ವರ್ಷ ಏರುತ್ತಲೂ ಇತ್ತು. ಒಂದು ವರ್ಷ ಭಾವ ಎರಡು ದಿನ ಸರ್ಕಾರವನ್ನು ಬೈದು, ಮೂರನೆಯ ದಿನ ಉದ್ದದ್ದು ಬಿಟ್ಟು ಗಿಡ್ಡದ್ದು ಸೇದಿದರು. ಇನ್ನೊಂದು ವರ್ಷ ಪಾಕೀಟು ಕೊಳ್ಳುವುದನ್ನು ಬಿಟ್ಟು ಕಾರ್ಖಾನೆಯ ಗೇಟಿನ ಎದುರಿನ ಟಪರಿಯಲ್ಲಿ ಒಂದೊಂದೇ ಬಿಡಿಯಾಗಿ ಕೊಂಡರು. ಚಹಾ, ಸಿಗರೇಟು ಮಾರುವ ಗೂಡಂಗಡಿಗೆ ಇಲ್ಲಿ ಟಪರಿ ಎನ್ನುತ್ತಾರೆ. ಆ ಟಪರಿಯವನು ಪ್ರತಿ ಬಜೆಟ್ಟಿನ ಮರುದಿನ ಗಿರಾಕಿಗಳಿಗೆ ಮರಾಠಿಯಲ್ಲಿ ಸಮಾಧಾನ ಹೇಳುತ್ತಿದ್ದನಂತೆ: "ರೇಟ್ ವಾಢ್ಲಾ ಕಾಕಾ, ಪಣ ಧೂರ್ ತೋಚ್ ಆಹೆ." ರೇಟು ಏರಿದರೇನು, ಹೊಗೆ ಅದೇ ಇದೆಯಲ್ಲ! ಭಾವ ಇದನ್ನು ಮನೆಗೆ ತಂದು ನಾಲ್ಕು ಸಲ ಹೇಳಿ ನಕ್ಕರು. ನಗುವಿನ ಬಾಲಕ್ಕೆ ಕೆಮ್ಮು ಬಂತು. ಆಗ ಅದನ್ನು ಯಾರೂ ಅಷ್ಟು ಮನಸ್ಸಿಗೆ ಹಚ್ಚಿಕೊಳ್ಳಲಿಲ್ಲ.

ನಾನು ಮಾತ್ರ ತೆರಿಗೆಯ ದೊಡ್ಡ ಭಕ್ತ. ಬೆಲೆ ಏರಿಸಿದರೆ ಬಡವರು ಬಿಡುತ್ತಾರೆ, ಎಳೆಯರು ಶುರುವೇ ಮಾಡುವುದಿಲ್ಲ, ಬಂದ ಹಣದಲ್ಲಿ ದವಾಖಾನೆ ಕಟ್ಟಬಹುದು ಎಂದು ಒಮ್ಮೆ ಮರಾಠಿ ಪೇಪರಿನ ವಾಚಕರ ಪತ್ರಗಳ ಅಂಕಣಕ್ಕೆ ಉದ್ದನೆಯ ಪತ್ರ ಬರೆದೆ. ಅದು ಅಚ್ಚಾಯಿತು ಕೂಡ, ತಲೆ ಬಾಲ ಕತ್ತರಿಸಿಕೊಂಡು. ಭಾನುವಾರ ಭೋಸರಿಗೆ ಹೋದರೆ ಭಾವ ಪೇಪರು ಹಿಡಿದುಕೊಂಡು ಕಾಯುತ್ತಿದ್ದರು. ಅಕ್ಕನ ಮುಂದೆ ಗಟ್ಟಿಯಾಗಿ ಓದಿದರು. ಓದಿ ಮುಗಿಸಿ ಹೇಳಿದರು: "ಭಾಳ ಛಲೋ ಬರದೀರಿ ಸಾಹೇಬ್ರ. ಓದ್ತ ಓದ್ತ ಎರಡು ಮುಗದ್ವು."

ನಾನು ಅವತ್ತು ಬರೆದದ್ದನ್ನು ಈಗಲೂ ಸುಳ್ಳೆನ್ನುವುದಿಲ್ಲ. ನಮ್ಮ ಸೊಸೈಟಿಯ ವಾಚ್‌ಮನ್ ಬೆಲೆ ಏರಿದ್ದಕ್ಕೇ ಬಿಟ್ಟ, ಇನ್ನೂ ಗಟ್ಟಿಯಾಗಿದ್ದಾನೆ. ಎಲ್ಲೆಲ್ಲೋ ಎಷ್ಟೋ ಮಂದಿ ಹೀಗೆ ಬಿಟ್ಟಿರಬಹುದು. ಆದರೆ ತೆರಿಗೆ ಹಾಕುವವರಿಗೆ ನಮ್ಮ ಅಕ್ಕನಂಥವರು ಗೊತ್ತಿರುವುದಿಲ್ಲ.

ಅಕ್ಕನದು ವರ್ಷದ ಧಾನ್ಯ ತುಂಬಿಸುವ ಮನೆ. ನಮ್ಮ ಅವ್ವನಿಂದ ಬಂದ ರೂಢಿ. ಬೇಸಿಗೆಯಲ್ಲಿ ಅಕ್ಕಿ, ಗೋಧಿ, ತೊಗರಿಬೇಳೆ ಒಟ್ಟಿಗೇ ತಂದು ಬಿಸಿಲಿಗೆ ಹಾಕಿ, ಬೇವಿನೆಲೆ ಬೆರೆಸಿ ತಗಡಿನ ಡಬ್ಬಿಗಳಲ್ಲಿ ತುಂಬುವುದು. ಎಣ್ಣೆ ಏರುತ್ತದೆ ಎಂದು ಸುದ್ದಿಯಾದರೆ ಎಣ್ಣೆ ತರುವಳು, ಸಾಬೂನು ಏರುತ್ತದೆ ಎಂದರೆ ಕಪಾಟಿನ ತುಂಬ ಸಾಬೂನು. ಏರುವುದು ಗೊತ್ತಿದ್ದೂ ಮೊದಲೇ ತಂದಿಡದ ಹೆಂಗಸು ಅವಳ ದೃಷ್ಟಿಯಲ್ಲಿ ಸಂಸಾರ ಮಾಡುವವಳೇ ಅಲ್ಲ. ಇದನ್ನು ನಾನು ಹುಟ್ಟಿದಾಗಿನಿಂದ ನೋಡಿದ್ದೇನೆ. ಆದರೂ ಆ ವರ್ಷ ನನಗೆ ಹೊಳೆಯಲಿಲ್ಲ.

ಆ ವರ್ಷ ಭಾವನಿಗೆ ಎರಡನೇ ಮಹಡಿಯ ಮನೆ ದೂರವಾಗತೊಡಗಿತ್ತು. ಮೊದಲನೇ ಮಹಡಿಯಲ್ಲಿ ನಿಂತು, ಯಾರಾದರೂ ಬಂದರೆ ಕಿಸೆಯಲ್ಲಿ ಏನೋ ಹುಡುಕುವವರಂತೆ ನಟಿಸಿ, ಉಸಿರು ಕೂಡಿಸಿಕೊಂಡು ಮೇಲೆ ಬರುತ್ತಿದ್ದರು. ಡಾಕ್ಟರು ಎದೆಯ ಚಿತ್ರವನ್ನು ಬೆಳಕಿಗೆ ಹಿಡಿದು, ಈಗ ಬಿಟ್ಟರೆ ಇನ್ನೂ ಬಹಳ ವರ್ಷ ಇದೆ, ಬಿಡದಿದ್ದರೆ ತಾನೇನೂ ಹೇಳುವುದಿಲ್ಲ ಎಂದರು. ಭಾವ ನಿಜವಾಗಿಯೂ ಹೆದರಿದರು. ಜನವರಿಯ ಒಂದು ಸಂಜೆ ಟೆರೇಸಿನಲ್ಲಿ ನಾವಿಬ್ಬರೇ ಇದ್ದಾಗ, ಅವರ ಬಾಯಲ್ಲಿ 'ಸಾಹೇಬ' ಬರಲಿಲ್ಲ.

"ತಮ್ಮಾ, ಈ ಸಲ ಜೋರಾಗಿ ಏರ್ಲಿ ಅಂತ ಬೇಡಿಕೋ. ಸಣ್ಣ ಏರಿಕಿ ನನಗ ಸಾಲೂದಿಲ್ಲ. ನಾ ಕಚ್ಚಾ ಮನಶ್ಯಾ ಇದ್ದೀನಿ, ನೂಕಾವ್ರು ಬೇಕು."

ಯಂತ್ರವನ್ನು ಬೆರಳ ತುದಿಯಲ್ಲಿ ಆಡಿಸಿದ ಮನುಷ್ಯ ಹೀಗೆ ಹೇಳಿದ್ದು ಅದೇ ಮೊದಲು. ಕೆಳಗೆ ಬಂದವನೇ ಅಡುಗೆಮನೆಗೆ ಹೋಗಿ ಅಕ್ಕನಿಗೆ ಹೇಳಿದೆ:

"ಅಕ್ಕಾ, ಈ ಸಲ ಭಾಳ ಏರ್ತದ. ನಕ್ಕಿ, ಖಾತ್ರಿ. ಭಾವ ಬಿಟ್ಟಂಗನ ತಿಳಿ."

"ಖರೇನೋ? ಆಫೀಸಿನೊಳಗ ಮಾತಾಡ್ಲಿಕ್ಕತ್ತಾರೇನು?"

"ಎಲ್ಲಾ ಹೇಳ್ಲಿಕ್ಕೆ ಬರೂದಿಲ್ಲ," ಎಂದೆ. ಹೇಳಲು ಏನಾದರೂ ಗೊತ್ತಿದ್ದರಲ್ಲವೇ! ಅಕ್ಕನಿಗೆ ಸಮಾಧಾನ ಹೇಳುವ ನೆಪದಲ್ಲಿ ನನ್ನ ಚಟವನ್ನೂ ತೀರಿಸಿಕೊಂಡೆ. ಗಂಡ ಬದುಕುತ್ತಾನೆಂಬ ಸುದ್ದಿಯನ್ನು ಕೊಟ್ಟೆನೆಂದು ನಾನು ತಿಳಿದಿದ್ದೆ. ಅಕ್ಕನೂ ಹಾಗೇ ಕೇಳಿಸಿಕೊಂಡಿರಬೇಕು, ಕಣ್ಣೊರೆಸಿಕೊಂಡಳು. ಆದರೆ ಅವಳೊಳಗಿನ ಸಂಸಾರಸ್ಥೆ ಅದೇ ಮಾತಿನಲ್ಲಿ ಇನ್ನೊಂದನ್ನೂ ಕೇಳಿಸಿಕೊಂಡಿದ್ದಳು: ಏರುತ್ತದೆ.

ಬಜೆಟ್ಟು ಬಂತು. ನನ್ನ ಗುರಿಯಿಲ್ಲದ ಕಲ್ಲು ಅವತ್ತು ಸರಿಯಾಗಿ ತಾಗಿತು. ಸಿಗರೇಟು ಹಿಂದೆಂದೂ ಏರದಷ್ಟು ಏರಿತು. ಭಾವ ಕಿಸೆಯಲ್ಲಿದ್ದ ಪಾಕೀಟನ್ನು ಎಲ್ಲರ ಮುಂದೆ ಹಿಂಡಿ ಕಸದ ಬುಟ್ಟಿಗೆ ಹಾಕಿದರು. ಆ ದಿನ ಅಕ್ಕ ಬಡಿಸಿದ ಶಿರಾ ನನ್ನ ಜನ್ಮದಲ್ಲೇ ತಿಂದ ಒಳ್ಳೆಯ ಶಿರಾ. ನನ್ನ ಪತ್ರ, ನನ್ನ ಕಚೇರಿ, ನನ್ನ ಶಿಕ್ಕಾ ಎಲ್ಲಕ್ಕೂ ಅವತ್ತು ಅರ್ಥ ಬಂದಂತಾಗಿತ್ತು. ಬಸ್ಸಿನಲ್ಲಿ ಹಡಪಸರಕ್ಕೆ ಬರುವಾಗ ಪಕ್ಕದಲ್ಲಿ ಕುಳಿತ ಅಪರಿಚಿತನಿಗೂ ಸುದ್ದಿ ಹೇಳಿದೆ.

ನಾಲ್ಕು ದಿನ ಭಾವ ಸೇದಲಿಲ್ಲ. ಬೆವತರು, ನಡುಗಿದರು, ಚಹಾದ ಕಪ್ಪು ಒಡೆದರು, ಬಡೇಸೋಪು ಜಗಿದು ಜಗಿದು ನಾಲಿಗೆ ಸುಲಿಸಿಕೊಂಡರು. ಅಕ್ಕ ದಿನಾ ಫೋನು ಮಾಡಿ ವರದಿ ಕೊಡುತ್ತಿದ್ದಳು. ಐದನೆಯ ದಿನ ಭಾನುವಾರ. ನಾನು ಮಧ್ಯಾಹ್ನ ಭೋಸರಿಗೆ ಹೋದೆ. ಮೆಟ್ಟಿಲು ಹತ್ತುವಾಗಲೇ ವಾಸನೆ ಬಂತು.

ಭಾವ ಅಡುಗೆಮನೆಯ ಹೊಸ್ತಿಲ ಹತ್ತಿರ ನೆಲದ ಮೇಲೆ ಕುಳಿತು ಸೇದುತ್ತಿದ್ದರು. ಪಕ್ಕದಲ್ಲಿ ಮುಟ್ಟದೇ ಬಿಟ್ಟ ಶಿರಾದ ತಟ್ಟೆ. ಎದುರಿಗೆ ಅಕ್ಕಿಯ ಡಬ್ಬಿ ಬಾಯಿ ತೆರೆದುಕೊಂಡಿತ್ತು. ಅದರೊಳಗೆ, ಅಕ್ಕಿಯ ಮೇಲೆ, ತಂಪು ತಾಗದಂತೆ ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ, ಸುತ್ತಲೂ ಬೇವಿನೆಲೆ ಹಾಕಿ, ಸಾಲಾಗಿ ಜೋಡಿಸಿಟ್ಟ ಸಿಗರೇಟು ಪಾಕೀಟುಗಳು. ಮಳೆಗಾಲದವರೆಗೆ ಸಾಕಾಗುವಷ್ಟಿದ್ದವು.

"ನೋಡ್ಲಿಕ್ಕೆ ಆಗ್ಲಿಲ್ಲೋ ತಮ್ಮಾ," ಎಂದಳು ಅಕ್ಕ, ನನ್ನ ಮುಖ ನೋಡದೆ. "ಭಾಳ ಒದ್ದಾಡ್ಲಿಕ್ಕತ್ತಿದ್ರು. ಇಷ್ಟ ಮುಗಸ್ರಿ, ಹಳೇ ರೇಟಿಂದವು ಅವ, ಮುಗದ ಮ್ಯಾಲೆ ಬಿಡ್ರಿ ಅಂದೆ. ನೀ ಏರ್ತದ ಅಂದಿದ್ಯಲ್ಲ, ಆವಾಗ ತಂದಿಟ್ಟಿದ್ದೆ."

ಭಾವ ನನ್ನನ್ನು ನೋಡಿದರು. ಆ ನೋಟದಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ಇಷ್ಟು ವರ್ಷ ನನಗೆ ಏನಾದರೂ ಆಸರೆ ಇರುತ್ತಿತ್ತು. "ಸಾಹೇಬ್ರ," ಎಂದರು, ಹೊಗೆ ಬಿಡುತ್ತ, "ನಿಮ್ಮ ಸುದ್ದಿ ಪಕ್ಕಾ ಇತ್ತು ನೋಡ್ರಿ."

ನಾನು ಏನು ಮಾಡಿದೆ ಗೊತ್ತೇ? ನಕ್ಕೆ. ಅಕ್ಕನೂ ನಕ್ಕಳು. ನಾಲ್ಕು ದಿನದ ಬಿಗುವು ಮನೆಯಿಂದ ಹೋಯಿತಲ್ಲ ಎಂದು ನನಗೆ ಒಳಗೊಳಗೇ ಹಾಯೆನಿಸಿತು. ಆ ಪಾಕೀಟುಗಳನ್ನು ಎತ್ತಿ ಗಟಾರಕ್ಕೆ ಎಸೆಯಲು ನನ್ನ ಹತ್ತಿರ ಎರಡು ಕೈ ಇದ್ದವು. ಊಟ ಮಾಡಿ, ಒಂದು ಗಳಿಗೆ ಮಲಗಿ, ಚಹಾ ಕುಡಿದು ಮನೆಗೆ ಬಂದೆ.

ಡಬ್ಬಿಯ ಸಿಗರೇಟು ಮುಗಿಯುವ ಹೊತ್ತಿಗೆ ಹೊಸ ರೇಟು ಹಳೆಯದಾಗಿತ್ತು. ಟಪರಿಯವನು ಹೇಳಿದಂತೆ ಹೊಗೆ ಅದೇ ಇತ್ತು. ಆಮೇಲೆ ಭಾವ ಮಾತು ಕೊಡುವುದನ್ನೂ ಬಿಟ್ಟರು. ಎರಡು ವರ್ಷ ಹಾಗೇ ನಡೆಯಿತು. ಕೊನೆಯ ಆರು ತಿಂಗಳು ನಾನು ಅವರನ್ನು ಒಂದು ಸರ್ಕಾರಿ ದವಾಖಾನೆಗೆ ಕರೆದುಕೊಂಡು ಹೋಗುತ್ತಿದ್ದೆ. ಸರದಿ ಮೆಟ್ಟಿಲು ದಾಟಿ ಅಂಗಳದವರೆಗೆ ಬಂದಿರುತ್ತಿತ್ತು. ಒಂದು ದಿನ ನಿಲ್ಲಲಾಗದೆ ಗೋಡೆಗೊರಗಿ ನೆಲದ ಮೇಲೆ ಕುಳಿತರು. ಒಂದೊಂದು ಶಬ್ದಕ್ಕೂ ಒಂದು ಉಸಿರು ತೆಗೆದುಕೊಂಡು ಹೇಳಿದರು: "ಇಷ್ಟು ವರ್ಷ... ತೆರಿಗಿ ಕೊಟ್ಟೀನಲ್ರಿ ಸಾಹೇಬ್ರ... ಒಂದ ಬೆಂಚರೆ... ಇಡಬಾರದೇನ್ರಿ?" ಅವರು ನಗಿಸಲೆಂದೇ ಹೇಳಿದ್ದು. ನಾನು ಅಂಗಳದ ನಲ್ಲಿಯ ಹತ್ತಿರ ಹೋಗಿ ಮುಖ ತೊಳೆದುಕೊಂಡು ಬಂದೆ. ಅವರ ಹೊಗೆಯಿಂದ ಬಂದ ಪಗಾರವನ್ನು ನಾನು ಉಂಡಿದ್ದೆ, ಈಗ ಪೆನ್ಶನ್ ಉಣ್ಣುತ್ತಿದ್ದೇನೆ. ಬಿಡಲಿ ಎಂದು ಏರಿಸಿದ್ದೋ, ಬಿಡುವುದಿಲ್ಲವೆಂದು ಗೊತ್ತಿದ್ದೇ ಏರಿಸಿದ್ದೋ, ನನಗೆ ಇಂದಿಗೂ ಬಗೆಹರಿದಿಲ್ಲ.

ಇಷ್ಟೆಲ್ಲ ನೆನೆಯುತ್ತ ಅಕ್ಕಿಯನ್ನು ನಾಲ್ಕು ನೀರಿನಲ್ಲಿ ತೊಳೆದು ಕುಕ್ಕರಿಗೆ ಹಾಕಿದೆ. ಹನ್ನೊಂದಕ್ಕೆ ಸರಿಯಾಗಿ ಅಕ್ಕನ ಫೋನು ಬಂತು. ದಿನಾ ಅದೇ ಹೊತ್ತಿಗೆ ಮಾಡುತ್ತಾಳೆ.

"ಅಕ್ಕಿ ಬಿಚ್ಚಿದ್ಯೇನೋ ತಮ್ಮಾ? ವಾಸನಿ ಏನರೆ ಬರ್ತದೇನು?"

"ಇಲ್ಲ ಅಕ್ಕಾ. ಛಲೋ ಅದ."

ಆಮೇಲೆ ಕೇಳಿದಳು: "ಸಿಗರೇಟ್ ಮತ್ತ ಏರ್ತಾವ ಅಂತ ಟಿವಿಯೊಳಗ ಹೇಳ್ಲಿಕ್ಕತ್ತಾರ. ಈ ಸಲರೆ ಮಂದಿ ಬಿಡ್ತಾರೇನು? ನಿನಗ ಗೊತ್ತಿರ್ತದಲ್ಲ."

ನಿವೃತ್ತನಾಗಿ ಇಷ್ಟು ದಿನವಾದರೂ ನನಗೆ ಗೊತ್ತಿರುತ್ತದೆ ಎಂಬ ನಂಬಿಕೆ ಅವಳದು. ದನಿ ತಗ್ಗಿಸಿ ಏನಾದರೂ ಹೇಳಲು ನಾಲಿಗೆ ತಾನಾಗಿಯೇ ಸಿದ್ಧವಾಯಿತು. ಕೈಯಲ್ಲಿನ್ನೂ ಅಕ್ಕಿಯ ವಾಸನೆ ಇತ್ತು.

"ನನಗ ಗೊತ್ತಿಲ್ಲ ಅಕ್ಕಾ. ಎಂದೂ ಗೊತ್ತಿರಲಿಲ್ಲ. ನಾ ಬರೇ ಶಿಕ್ಕಾ ಹೊಡಿಯಾಂವ. ಆ ವರ್ಷ ನಕ್ಕಿ ಅಂದೆನಲ್ಲ, ಅದೂ ಸುಮ್ನ ಅಂದಿದ್ದೆ. ನಾ ಹಂಗ ಅನ್ನದಿದ್ರ ನೀ ತಂದಿಡ್ತಿರಲಿಲ್ಲ. ಭಾವ..." ಮುಂದೆ ಹೇಳಲಾಗಲಿಲ್ಲ.

ಅಕ್ಕ ದನಿ ತಗ್ಗಿಸಿದಳು.

"ನಿಂದಲ್ಲೋ. ಅವತ್ತ ಅವ್ರು ಕೇಳೇ ಇರಲಿಲ್ಲ."

"ಏನು?"

"ಸಿಗರೇಟ್. ಐದನೇ ದಿನ ಮುಂಜಾನೆ ಎದ್ದು, ಇವತ್ತ ಹಗುರ ಅನಸ್ತದ, ಶಿರಾ ಮಾಡು ಅಂದ್ರು. ನಾಕು ದಿನದ ಮ್ಯಾಲೆ ನಕ್ಕಿದ್ರು. ಶಿರಾ ಮಾಡಿ ಕೊಟ್ಟೆ. ಅವ್ರು ಬಾಯಿಗೆ ಇಡೂದ್ರೊಳಗ ಮಧ್ಯಾಹ್ನದ ಅನ್ನಕ್ಕ ಅಕ್ಕಿ ತೆಗಿಲಿಕ್ಕೆ ಹೋಗಿ ಡಬ್ಬಿ ತೆಗದೆ. ಅಷ್ಟೂ ಹಂಗ ಇದ್ವು. ಹಳೇ ರೇಟಿಂದು, ಮಳಿಗಾಲ ಬಂದ್ರ ಮೆತ್ತಗಾಗಿ ಸುಮ್ನ ಹಾಳಾಗ್ತಾವಲ್ಲಾ ಅನಿಸ್ತು. ನಾನ ಒಯ್ದು ಅವರ ಮುಂದ ಇಟ್ಟೆ."

ಐದು ವರ್ಷ ಅವಳು ಇದನ್ನು ಒಬ್ಬಳೇ ಇಟ್ಟುಕೊಂಡಿದ್ದಳು. ನಾನೂ ನನ್ನದನ್ನು ಇಟ್ಟುಕೊಂಡು ಪ್ರತಿದಿನ ಹನ್ನೊಂದಕ್ಕೆ ಅವಳ ಜೊತೆ ಪಲ್ಯ, ಔಷಧ, ಮೊಣಕಾಲ ನೋವು ಎಂದು ಮಾತಾಡಿದ್ದೆ. ಕುಕ್ಕರು ಮೂರನೆಯ ಸಲ ಕೂಗಿತು.

"ಅನ್ನ ಆತು ನೋಡು," ಎಂದಳು ಅಕ್ಕ. "ಗ್ಯಾಸ್ ಬಂದ್ ಮಾಡು, ತಳಾ ಹಿಡೀತದ." ಫೋನು ಇಟ್ಟಳು.

ಬಂದ್ ಮಾಡಿದೆ. ಕುಕ್ಕರು ತಣ್ಣಗಾಗಿ ಬಹಳ ಹೊತ್ತಾಯಿತು. ಮುಚ್ಚಳ ತೆಗೆಯಲು ಇನ್ನೂ ಕೈ ಬಂದಿಲ್ಲ.